ಎಡದಂಡೆಯ ರಾಜಮಾತೆ, ಬಲದಂಡೆಯ ಸತ್ತೇಗಾಲ

ಕಾವೇರಿಯು ಶಿವನಸಮುದ್ರದಲ್ಲಿ ಎರಡು ಕವಲಾಗಿ ಒಡೆದು, ಎಡಗವಲು ಗಗನಚುಕ್ಕಿಯಾಗಿಯೂ ಬಲಗವಲು ಭರಚುಕ್ಕಿಯಾಗಿಯೂ ಧುಮುಕುವ ನೆಲೆಗೆ ತಾಗಿಕೊಂಡು ಬಲದಂಡೆಯಲ್ಲಿರುವ ಸತ್ತೇಗಾಲ ಗ್ರಾಮವು ಇಂದು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದೆ. ಆದರೆ 1799ರಿಂದ 1956ರವರೆಗೆ, ಅಂದರೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲ, ಈ ಸೀಮೆಯು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತ್ತು. ಹೊಳೆಯಾಚೆಯ ಮಳವಳ್ಳಿಯ ಕಡೆ ಮೈಸೂರು ಸಂಸ್ಥಾನದ ಆಳ್ವಿಕೆ ನಡೆಯುತ್ತಿತ್ತು. ಎರಡೂ ದಂಡೆಗಳಲ್ಲಿ ಕನ್ನಡವೇ ಮನೆಮಾತು, ಒಕ್ಕಲುತನವೇ ಬದುಕು, ಕೊಟ್ಟು ತರುವ ನಂಟಸ್ತಿಕೆಯೂ ಹೊಳೆ ದಾಟಿ ನಡೆಯುತ್ತಿದ್ದುದೇ. ಆದರೂ ಕಾನೂನು ಮಾತ್ರ ಬೇರೆ. ಮೈಸೂರಿನ ಮಹಾರಾಣಿ ವಾಣಿ ವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ತಾಯಿಯಾಗಿ, ರೀಜೆಂಟರಾಗಿ, ಹೆಣ್ಣುಮಕ್ಕಳ ವಿದ್ಯೆಯ ಪೋಷಕರಾಗಿ ನಡೆಸಿದ ಬಾಳನ್ನು ರಾಜಧಾನಿಯ ಕಣ್ಣಿನಿಂದ ಬರೆದ ಗ್ರಂಥಗಳು ಸಾಕಷ್ಟಿವೆ. ಅವರ ಆಳ್ವಿಕೆಯ ದೊಡ್ಡ ಕಾಮಗಾರಿಗಳಲ್ಲಿ ಒಂದಾದ ಜಲವಿದ್ಯುತ್ ಕೇಂದ್ರ ಎದ್ದುನಿಂತದ್ದು ಸತ್ತೇಗಾಲದ ಎದುರು ದಂಡೆಯಲ್ಲಿ. ಆದುದರಿಂದ ಅದೇ ಬಾಳನ್ನು ಸತ್ತೇಗಾಲದ ಕಡೆಯಿಂದ ನೋಡಿದಾಗ ಅದರ ಹಿರಿಮೆಯ ಜೊತೆಗೆ ಅದರ ಎಲ್ಲೆಯೂ ಗೋಚರಿಸುತ್ತದೆ.

ಈ ನೆಲದ ಜನಪದ ನೆನಪಿನಲ್ಲಿ ಹೆಣ್ಣಿಗೆ ಸಂದ ಸ್ಥಾನವನ್ನು ಮೊದಲು ಗಮನಿಸುವುದು ಉಚಿತ. ಶಿವನಸಮುದ್ರದ ಪಾಳುಗೋಟೆಯ ಬಗ್ಗೆ ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಾಗಿರುವ ಐತಿಹ್ಯದ ಪ್ರಕಾರ, ಇಲ್ಲಿನ ಗಂಗರಾಜನೆಂಬ ಅರಸನು ತನ್ನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಸತ್ತೇಗಾಲದ ಸಮೀಪದ ಕಿಲಿಮಲೆಯ ಪಾಳೆಯಗಾರನಿಗೂ ಇನ್ನೊಬ್ಬಳನ್ನು ಮದ್ದೂರಿನ ಹತ್ತಿರದ ನಗರಕೆರೆಯ ಪಾಳೆಯಗಾರನಿಗೂ ಕೊಟ್ಟಿದ್ದನು. ತವರಿನ ಸಿರಿಯನ್ನು ಎತ್ತಿ ಆಡಿ ಹೆಂಡಂದಿರು ಹಂಗಿಸುತ್ತಿದ್ದುದನ್ನು ತಾಳಲಾರದ ಅಳಿಯಂದಿರು ಒಂದುಗೂಡಿ ಮಾವನ ಕೋಟೆಗೆ ಮುತ್ತಿಗೆ ಹಾಕಿದರು. ಕೋಟೆ ಬಿತ್ತು, ಮಾವ ಅಳಿದನು, ಕೊನೆಗೆ ಅಳಿಯಂದಿರೂ ಅವರ ಹೆಂಡಂದಿರೂ ಗಗನಚುಕ್ಕಿಗೆ ಬಿದ್ದು ಸತ್ತರು. ರಾಜ್ಯವೊಂದರ ನಾಶಕ್ಕೆ ಹೆಣ್ಣಿನ ನಾಲಿಗೆಯನ್ನು ಹೊಣೆಮಾಡುವ ಈ ಕಥೆಯಲ್ಲಿ ಮುತ್ತಿಗೆ ಹಾಕಿದವರ ತಪ್ಪು ಎಣಿಕೆಗೇ ಬರುವುದಿಲ್ಲ. ಇದಕ್ಕೆ ಎದುರಾಗಿ, ಇದೇ ಸೀಮೆಯ ಕಂಸಾಳೆಯವರು (ಕಂಚಿನ ತಾಳ ಹಿಡಿದು ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರು) ಹಾಡುವ ಮಲೆ ಮಹದೇಶ್ವರ ಕಾವ್ಯದಲ್ಲಿ, ಗಂಡ ನೀಲೇಗೌಡನು ಕೇಳಿದ ಭಾಷೆಯನ್ನು ಕೊಡಲು ಒಪ್ಪದೆ, ಅವನ ಚಿತ್ರಹಿಂಸೆಯನ್ನು ನುಂಗಿ, ಮಾದಪ್ಪನ, ಅಂದರೆ ಮಹದೇಶ್ವರನ, ವರದಿಂದ ಕಾರಯ್ಯ ಬಿಲ್ಲಯ್ಯರ ತಾಯಾಗುವ ಸಂಕಮ್ಮನಿದ್ದಾಳೆ. ಪಾತಿವ್ರತ್ಯದ ಪ್ರಮಾಣವನ್ನು ಬಲವಂತವಾಗಿ ಪಡೆಯುವುದು ಅನ್ಯಾಯ ಎಂಬ ತೀರ್ಪು ಆ ಕಾವ್ಯದ ಸಂಕಮ್ಮನ ಸಾಲಿನಲ್ಲಿ, ಅಂದರೆ ಅವಳ ಕಥೆಯ ಭಾಗದಲ್ಲಿ, ಸ್ಪಷ್ಟವಾಗಿಯೇ ಇದೆ. ಹೆಣ್ಣಿನ ಪರವಾದ ಮಾತು ಈ ಸೀಮೆಗೆ ಅರಮನೆಯಿಂದಲೋ ಕಚೇರಿಯಿಂದಲೋ ಮೊದಲ ಬಾರಿಗೆ ಬಂದಿತೆಂದು ಹೇಳುವವರು ಸಂಕಮ್ಮನ ಸಾಲನ್ನು ಕೇಳಿದವರಾಗಿರಲಾರರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ರಾಜ್ಯ ಹಂಚಿಹೋದಾಗ, ಒಡೆಯರ ಮನೆತನಕ್ಕೆ ಸಿಂಹಾಸನ ಮರಳಿ ದೊರೆಯುವುದರ ಹಿಂದೆ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಮದ್ರಾಸಿನ ಇಂಗ್ಲಿಷರೊಡನೆ ವರ್ಷಾನುಗಟ್ಟಲೆ ನಡೆಸಿದ ಗುಪ್ತ ಸಂಧಾನವಿತ್ತು. ಸಿಂಹಾಸನ ಬಂದಿತಾದರೂ ಕೊಯಮತ್ತೂರಿನ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಅದರೊಡನೆ ಕೊಳ್ಳೇಗಾಲವೂ ಹೋಯಿತು. ನೆರೆಯ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ, ಎಂದರೆ ಕಂದಾಯದ ಹಕ್ಕಿನ ಸಮೇತ ವಂಶಪಾರಂಪರ್ಯವಾಗಿ ಅನುಭವಿಸುವ ಉಂಬಳಿಯಾಗಿ ಸಂದಿತು. ಕೆಲವೇ ಹರದಾರಿಗಳ ಅಂತರದಲ್ಲಿ ಹೀಗೆ ಒಂದು ಕಡೆ ಕಂಪನಿಯ ಕಲೆಕ್ಟರ್, ಇನ್ನೊಂದು ಕಡೆ ಮೈಸೂರಿನ ಜಹಗೀರ್ದಾರ. ಶಿವನಸಮುದ್ರದ ನಡುಗಡ್ಡೆಯು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಾಮಸ್ವಾಮಿ ಮುದಲಿಯಾರ್ ಎಂಬವರ ಜಹಗೀರಾಯಿತು. ಅವರು ಕಟ್ಟಿಸಿದ ಸೇತುವೆಗಳಲ್ಲಿ ಒಂದು ಸತ್ತೇಗಾಲದ ಕಡೆಗಿದೆ. ವೆಲ್ಲೆಸ್ಲಿಯ ಹೆಸರು ಹೊತ್ತು ಜನರ ಬಾಯಲ್ಲಿ ವೆಸ್ಲಿ ಸೇತುವೆಯಾದ ಇದನ್ನು ಹೊಳೆಯ ಪಾತ್ರದ ಬಂಡೆಯ ಮೇಲೆಯೇ ಚೌಕನೆಯ ಕಲ್ಲುಗಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಅವುಗಳ ನೆತ್ತಿಯ ಮೇಲೆ ಕಲ್ಲಿನ ತೊಲೆಗಳನ್ನು ಅಡ್ಡಲಾಗಿ ಹೇರಿ ಕಟ್ಟಲಾಗಿದೆ. ಕಮಾನಿನ ಸೇತುವೆಗಿಂತ ಇದು ದೇವಸ್ಥಾನದ ಮಂಟಪದ ಕಟ್ಟಡಕ್ಕೆ ಹತ್ತಿರವಾದುದು, ಬಹುಶಃ ಕೆಲಸಗಾರರಿಗೆ ಗೊತ್ತಿದ್ದ ವಿದ್ಯೆಯೂ ಅದೇ. ಎರಡು ಶತಮಾನದ ಪ್ರವಾಹಗಳನ್ನು ತಾಳಿದ ಈ ಸೇತುವೆಯ ಒಂದು ಭಾಗ 2018ರ ನೆರೆಯಲ್ಲಿ ಕೊಚ್ಚಿಹೋಯಿತು.

ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ, ನಂಜನಗೂಡಿನ ಸಮೀಪದ ಕಳಲೆಯ ಅರಸು ಮನೆತನದಲ್ಲಿ. ಮೈಸೂರಿಗೆ ದಳವಾಯಿಗಳನ್ನು, ಅಂದರೆ ಸೇನಾಧಿಪತಿಗಳನ್ನು ಒದಗಿಸಿದ ಆ ಮನೆತನವು ಅರಮನೆಯೊಡನೆ ಬೀಗತನವನ್ನೂ ಬಹುಕಾಲದಿಂದ ಬೆಳೆಸಿತ್ತು. 1878ರಲ್ಲಿ ಚಾಮರಾಜೇಂದ್ರ ಒಡೆಯರನ್ನು ಕೈಹಿಡಿದಾಗ ಅವರ ವಯಸ್ಸು ಹನ್ನೆರಡರ ಆಸುಪಾಸು. 1881ರಲ್ಲಿ ರಾಜ್ಯವು ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತದಿಂದ ಒಡೆಯರ ಕೈಗೆ ಮರಳಿತು. 1884ರಲ್ಲಿ ಹಿರಿಯ ಮಗ ಕೃಷ್ಣರಾಜರೂ 1888ರಲ್ಲಿ ಕಿರಿಯ ಮಗ ಕಂಠೀರವ ನರಸಿಂಹರಾಜರೂ ಹುಟ್ಟಿದರು. ಜಯಲಕ್ಷಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಎಂಬ ಮೂವರು ಹೆಣ್ಣುಮಕ್ಕಳಿದ್ದರು. 1894ರ ಡಿಸೆಂಬರ್ 28ರಂದು ಕಲ್ಕತ್ತಾದಲ್ಲಿ ಗಂಟಲಮಾರಿಯಿಂದ ಮಹಾರಾಜರು ತೀರಿಕೊಂಡರು. ಇಪ್ಪತ್ತೆಂಟರ ಪ್ರಾಯದಲ್ಲಿ ವಿಧವೆಯಾದ ತಾಯಿಯ ಮುಂದೆ ಐವರು ಮಕ್ಕಳೂ, ಇನ್ನೂ ಹದಿನಾಲ್ಕು ವರ್ಷವಷ್ಟೇ ನಡೆದುಬಂದಿದ್ದ ಪುನಃಸ್ಥಾಪಿತ ರಾಜ್ಯವೂ ಇದ್ದವು.

1831ರಲ್ಲಿ ರಾಜ್ಯವನ್ನು ಕಿತ್ತುಕೊಂಡ ಇಂಗ್ಲಿಷ್ ಸರ್ಕಾರಕ್ಕೆ ಇನ್ನೊಮ್ಮೆ ಹಾಗೆ ಮಾಡಲು ನೆಪ ಸಿಕ್ಕಬಾರದೆಂಬ ಎಚ್ಚರ ಅಂದಿನ ಮೈಸೂರಿನ ರಾಜಕಾರಣದ ಒಳತಿರುಳಾಗಿತ್ತು. 1895ರ ಫೆಬ್ರವರಿ 1ರಂದು ಹತ್ತು ವರ್ಷದ ಕೃಷ್ಣರಾಜರಿಗೆ ಪಟ್ಟವಾಗಿ, ತಾಯಿಯು ರೀಜೆಂಟರಾದರು. ಅಪ್ರಾಪ್ತ ವಯಸ್ಸಿನ ದೊರೆಯ ಪರವಾಗಿ ಅಧಿಕಾರ ನಡೆಸುವವರಿಗೆ ಈ ಹೆಸರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅಧ್ಯಕ್ಷತೆಯ ಮಂಡಳಿಯೊಂದು ಅವರಿಗೆ ನೆರವಾಗಬೇಕೆಂದು ಏರ್ಪಟ್ಟಿತು. ಆ ಮಂಡಳಿಯ ಸದಸ್ಯರಲ್ಲಿ ಪಿ. ಎನ್. ಕೃಷ್ಣಮೂರ್ತಿಯವರೂ ಒಬ್ಬರು, ಪೂರ್ಣಯ್ಯನವರ ವಂಶದ ಅವರು ಯಳಂದೂರಿನ ಜಹಗೀರ್ದಾರರು, 1901ರಲ್ಲಿ ಶೇಷಾದ್ರಿ ಅಯ್ಯರ್ ನಿವೃತ್ತರಾದ ಬಳಿಕ ದಿವಾನರೂ ಆದರು. ಹೀಗೆ ಕೊಳ್ಳೇಗಾಲದ ನೆರೆಯವರೊಬ್ಬರು ಮಹಾರಾಣಿಯವರ ಆಡಳಿತದ ಒಳಮನೆಯಲ್ಲಿದ್ದರು, ಕೊಳ್ಳೇಗಾಲದವರು ಮಾತ್ರ ಹೊರಗಿದ್ದರು. ಏಳೂವರೆ ವರ್ಷಗಳ ಈ ಆಳ್ವಿಕೆಯ ದೊಡ್ಡ ಕೆಲಸಗಳೆಲ್ಲ ಶೇಷಾದ್ರಿ ಅಯ್ಯರ್ ಅವರ ಬುದ್ಧಿಯಿಂದ ಆದವೆಂದೂ ಮಹಾರಾಣಿಯವರು ಒಪ್ಪಿಗೆಯ ಮುದ್ರೆಯೊತ್ತಿದರೆಂದೂ ಹೇಳುವ ವಾಡಿಕೆಯಿದೆ. ಅದರಲ್ಲಿ ಅರ್ಧ ನಿಜವಿದ್ದರೂ, ಪ್ಲೇಗು ಬಂದ, ಅರಮನೆ ಸುಟ್ಟ, ಖಜಾನೆಗೆ ಭಾರ ಬಿದ್ದ ವರ್ಷಗಳಲ್ಲಿ ಒಂದಾದ ಮೇಲೊಂದು ದೊಡ್ಡ ವೆಚ್ಚದ ಯೋಜನೆಗೆ ಒಪ್ಪಿಗೆ ನೀಡುವುದು ಸುಲಭದ ಮಾತಾಗಿರಲಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು ಅವರ ಹೆಸರಿನಿಂದಲೇ ವಾಣಿ ವಿಲಾಸ ಸಾಗರವಾಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಹಾಕಿದವರೂ ಅವರೇ.

ತಾಯಿಯಾಗಿ ಅವರ ಹೊಣೆ ಮನೆವಾರ್ತೆಯ ಹೊಣೆಯಷ್ಟೇ ಆಗಿರಲಿಲ್ಲ. ಮಗನ ಶಿಕ್ಷಣಕ್ಕೆ ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿ ನೇಮಕವಾದಾಗ, ಆಡಳಿತ, ಕಾನೂನು, ಕುದುರೆ ಸವಾರಿಗಳ ಪಾಠ ಒಂದು ಕಡೆ, ಸಂಸ್ಕೃತ, ಕನ್ನಡ, ಸಂಗೀತ, ಪೂಜೆ ಪುನಸ್ಕಾರಗಳ ಅರಮನೆಯ ಸಂಸ್ಕಾರ ಇನ್ನೊಂದು ಕಡೆ ನಡೆಯಿತು. ಮುಂದೆ ನಾಲ್ವಡಿ ಕೃಷ್ಣರಾಜರೆಂದು ಹೆಸರಾದ ಆ ಮಗನಲ್ಲಿ ನಾಡು ಮೆಚ್ಚಿದ ಗುಣಗಳು ಈ ಎರಡರ ಕೂಡುವಿಕೆಯ ಫಲವೆಂದರೆ ಅತ್ಯುಕ್ತಿಯಾಗದು. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆ, ಮಹಾರಾಣಿಯವರ ತಮ್ಮನೇ ಆದ, ಮುಂದೆ ದಿವಾನರೂ ಆದ ಎಂ. ಕಾಂತರಾಜ ಅರಸರೊಡನೆ ನಡೆಯಿತು. ಆ ಸಂಭ್ರಮದ ನಡುವೆಯೇ ಮರದ ಹಳೆಯ ಅರಮನೆಗೆ ಬೆಂಕಿ ಹತ್ತಿತು. ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಇಂದಿನ ಅರಮನೆಯನ್ನು ಕಟ್ಟಿಸಲು ಆರಂಭಿಸಿದವರು ಮಹಾರಾಣಿಯವರೇ. ಎರಡನೆಯ ಮಗಳು ಕೃಷ್ಣಾಜಮ್ಮಣ್ಣಿಯವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯರೋಗ ಬಲಿ ತೆಗೆದುಕೊಂಡಿತು; ಮೈಸೂರಿನಲ್ಲಿ 1921ರಲ್ಲಿ ಆರಂಭವಾದ ಕ್ಷಯರೋಗಿಗಳ ಆರೋಗ್ಯಧಾಮಕ್ಕೆ ಆ ರಾಜಕುಮಾರಿಯ ಹೆಸರಿಡಲಾಯಿತು, ಮೈಸೂರಿನವರು ಅದನ್ನು ಇಂದಿಗೂ ಪಿ.ಕೆ.ಟಿ.ಬಿ. ಎಂದೇ ಕರೆಯುತ್ತಾರೆ. ಮಗಳು ಹೋದ ನೋವು ರೋಗಿಗಳ ಮಂಚಗಳಾಗಿ ಮಾರ್ಪಟ್ಟ ಉದಾಹರಣೆ ರಾಜಮನೆತನಗಳ ಚರಿತ್ರೆಯಲ್ಲಿ ಹೆಚ್ಚಾಗಿ ಸಿಗುವುದಿಲ್ಲ.

ಹೆಣ್ಣುಮಕ್ಕಳ ಪರವಾದ ಮೈಸೂರಿನ ಶಾಸನಗಳಲ್ಲಿ ಮೊದಲು ಹೆಸರಿಸಬೇಕಾದುದು ಶಿಶುವಿವಾಹ ತಡೆಯ 1894ರ ನಿಬಂಧನೆ. ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ಶಿಕ್ಷಾರ್ಹ ಅಪರಾಧವಾಗಿಸಿತು. ಚಾಮರಾಜೇಂದ್ರರ ಕೊನೆಯ ವರ್ಷದಲ್ಲಿ ಹೊರಟ ಈ ನಿಬಂಧನೆಯನ್ನು ಜಾರಿಯಲ್ಲಿಡುವ ಕೆಲಸ ರೀಜೆಂಟರ ಪಾಲಿಗೆ ಬಂದಿತು. ಮಳವಳ್ಳಿಯಲ್ಲಿ ಏಳು ವರ್ಷದ ಹುಡುಗಿಗೆ ತಾಳಿ ಕಟ್ಟಿಸಿದವರು ಇನ್ನು ಮೇಲೆ ಅಪರಾಧಿಗಳು. ಹೊಳೆ ದಾಟಿ ಸತ್ತೇಗಾಲದಲ್ಲಿ ಅದನ್ನೇ ಮಾಡಿದ ಬ್ರಿಟಿಷ್ ಪ್ರಜೆಗಳಿಗೆ ಯಾವ ದಂಡವೂ ಇರಲಿಲ್ಲ. ಬ್ರಿಟಿಷ್ ಇಂಡಿಯದಲ್ಲಿ 1891ರ ಸಮ್ಮತಿವಯಸ್ಸಿನ ಕಾಯ್ದೆಯು ಹನ್ನೆರಡು ತುಂಬದ ಹೆಂಡತಿಯೊಡನೆ ದೇಹಸಂಬಂಧವನ್ನು ಮಾತ್ರ ನಿಷೇಧಿಸಿತ್ತು, ಮದುವೆಯ ತಂಟೆಗೆ ಹೋಗಿರಲಿಲ್ಲ. ಆದರೆ ಮೈಸೂರಿನ ಈ ಸುಧಾರಣೆಯನ್ನು ಹೊಗಳುವಾಗ ಅದರ ಗಾತ್ರವನ್ನೂ ನೆನಪಿಡಬೇಕು. 1900ರ ಜೂನ್‌ನಲ್ಲಿ ಮಹಾರಾಣಿಯವರು ಹದಿನಾರು ವರ್ಷದ ಮಗನಿಗೆ ಕಾಠಿಯಾವಾಡದ ವಣಾ ಸಂಸ್ಥಾನದ ಪ್ರತಾಪಕುಮಾರಿಯವರನ್ನು ತಂದುಕೊಂಡಾಗ ಸೊಸೆಯ ವಯಸ್ಸು ಸುಮಾರು ಹನ್ನೊಂದು. ಕಾನೂನಿಗೆ ಅದರಿಂದ ಭಂಗವಾಗಲಿಲ್ಲ, ಏಕೆಂದರೆ ಕಾನೂನು ಎಂಟು ವರ್ಷಕ್ಕಷ್ಟೇ ಕೈಚಾಚಿತ್ತು. ತಾನೇ ಬಾಲವಧುವಾಗಿ ಬಂದ ತಾಯಿ ತನ್ನ ಮನೆಗೂ ಬಾಲವಧುವನ್ನೇ ತಂದರೆಂಬುದನ್ನು ಮುಚ್ಚಿಟ್ಟು ಬರೆಯುವ ಸ್ತುತಿಗ್ರಂಥಗಳಿಂದ ಅವರಿಗೆ ಯಾವ ಉಪಕಾರವೂ ಆಗಿಲ್ಲ.

ಅವರ ನಿಜವಾದ ಒತ್ತು ಮದುವೆಯ ಕಾನೂನಿಗಿಂತ ಶಾಲೆಯ ಮೇಲಿತ್ತು. ಅರಮನೆಯ ಅಧಿಕಾರಿ ಅಂಬಿಲ್ ನರಸಿಂಹ ಅಯ್ಯಂಗಾರ್ ಅವರು 1881ರಲ್ಲಿ ಮೈಸೂರಿನಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆಗೆ ಮಹಾರಾಣಿಯವರ ಪೋಷಣೆಯೂ ಹೆಸರೂ ಎರಡೂ ದೊರೆತವು. ಮಹಾರಾಣಿ ಬಾಲಿಕಾ ಪಾಠಶಾಲೆ ಎಂಬ ಆ ಸಂಸ್ಥೆಯೇ ಇಂದಿನ ಮಹಾರಾಣಿ ಕಾಲೇಜುಗಳ ಬೇರು. ಮನೆಯ ಹಿರಿಯರು ಹುಡುಗಿಯರನ್ನು ಬೀದಿಗೆ ಕಳುಹಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅರಮನೆಯ ಹೆಸರೇ ಆ ಶಾಲೆಗೆ ರಕ್ಷಣೆಯಾಯಿತು. ಸಂಪ್ರದಾಯಸ್ಥರ ಬಾಯಿ ಕಟ್ಟಲು ವೀಣೆ, ಸಂಸ್ಕೃತ, ಹೊಲಿಗೆಗಳ ಜೊತೆಜೊತೆಗೆ ಇಂಗ್ಲಿಷನ್ನೂ ಲೆಕ್ಕವನ್ನೂ ಇಡಲಾಗಿತ್ತು. ಆರಂಭದಲ್ಲಿ ಅದು ಮೇಲುಜಾತಿಯ ಹುಡುಗಿಯರಿಗೆಂದೇ ನಡೆದ ಶಾಲೆ ಎಂಬುದನ್ನು ಮರೆಯಬಾರದು. ಒಕ್ಕಲಿಗರ, ಉಪ್ಪಾರರ, ಹೊಲೆಮಾದಿಗರ ಕೇರಿಗಳ ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆಯಲು ಇನ್ನೂ ಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಶಾಲೆಯು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜಾಗಿ ಬೆಳೆಯಿತು, ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯ ಬರುವುದು 1916ರಲ್ಲಿ. ಮಹಾರಾಣಿಯವರ ಕಾಲೇಜಿನ ಹುಡುಗಿಯರಿಗೆ ಪದವಿ ಕೊಡುತ್ತಿದ್ದ ಮದ್ರಾಸೇ ಸತ್ತೇಗಾಲವನ್ನೂ ಆಳುತ್ತಿತ್ತು. ಆದರೆ ಸತ್ತೇಗಾಲದ ಹುಡುಗಿಯರು ಆ ಪದವಿಯ ಹತ್ತಿರ ಸುಳಿಯುವ ದಾರಿ ಎರಡೂ ಸರ್ಕಾರಗಳ ಕಡೆಯಿಂದ ಇರಲಿಲ್ಲ.

ಸತ್ತೇಗಾಲದ ಜನರು ಮಹಾರಾಣಿಯವರ ಆಳ್ವಿಕೆಯನ್ನು ಕಣ್ಣಾರೆ ಕಂಡದ್ದು ಜಲವಿದ್ಯುತ್ ಕಾಮಗಾರಿಯಲ್ಲಿ. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದ ನೀರಿನ ಬಲದಿಂದ ವಿದ್ಯುತ್ ಒದಗಿಸುವ ಯೋಜನೆಯನ್ನು ಮೈಸೂರಿನ ಎಂಜಿನಿಯರ್ ಕ್ಯಾಪ್ಟನ್ ಎ. ಜೆ. ಡಿ ಲಾಟ್‌ಬಿನಿಯರ್ ರೂಪಿಸಿ, 1899ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ತಜ್ಞರ ಅಭಿಪ್ರಾಯ ಪಡೆದುಬಂದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ವಿದ್ಯುತ್ ಯಂತ್ರಗಳನ್ನೂ, ಜ್ಯೂರಿಚ್‌ನ ಎಶರ್ ವಿಸ್ ಕಂಪನಿ ನೀರಿನ ಚಕ್ರಗಳನ್ನೂ ಒದಗಿಸಿದವು. ಮದ್ದೂರಿನ ರೈಲು ನಿಲ್ದಾಣದಲ್ಲಿಳಿದ ಭಾರವಾದ ಯಂತ್ರಭಾಗಗಳನ್ನು ಎತ್ತಿನ ಗಾಡಿಗಳೂ ಆನೆಗಳೂ ಎಳೆದು ತಂದವು. ಎಡಗವಲಿನ ನೀರನ್ನು ಕಾಲುವೆಯಲ್ಲಿ ತಂದು ಗುಡ್ಡದ ಅಂಚಿನಿಂದ ಉಕ್ಕಿನ ಕೊಳವೆಗಳ ಮೂಲಕ ಕಡಿದಾದ ಇಳಿಜಾರಿನಲ್ಲಿ ಕೆಳಕ್ಕೆ ಬಿಟ್ಟರೆ, ಆ ರಭಸಕ್ಕೆ ತಳದಲ್ಲಿರುವ ಚಕ್ರಗಳು ತಿರುಗಿ ವಿದ್ಯುತ್ ಹುಟ್ಟುತ್ತಿತ್ತು. ಕೇಂದ್ರವಿರುವ ಆ ಜಾಗವನ್ನು ಸುತ್ತಿನ ಜನ ಇಂದಿಗೂ ಬ್ಲಫ್ ಎಂದೇ ಹೇಳುತ್ತಾರೆ. 1902ರ ಜೂನ್ 30ರಂದು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದ ಕೋಲಾರಕ್ಕೆ ವಿದ್ಯುತ್ ಹರಿಯಿತು. ಅಷ್ಟು ದೂರದ ತಂತಿಮಾರ್ಗ ಅಂದಿಗೆ ಜಗತ್ತಿನಲ್ಲೇ ಅಪರೂಪ. ಐದು ವಾರಗಳ ಅನಂತರ, ಆಗಸ್ಟ್ 8ರಂದು, ವೈಸರಾಯ್ ಕರ್ಜನ್ ಸಮ್ಮುಖದಲ್ಲಿ ಕೃಷ್ಣರಾಜರು ಪೂರ್ಣಾಧಿಕಾರ ವಹಿಸಿಕೊಂಡರು, ತಾಯಿಯ ರೀಜೆನ್ಸಿ ಮುಗಿಯಿತು. ತಂತಿಯು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ದಿಕ್ಕು ಹಿಡಿಯಿತೇ ಹೊರತು ಹೊಳೆ ದಾಟಿ ಬಲದಂಡೆಗೆ ಬರಲಿಲ್ಲ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿಕೊಂಡಾಗ, ಅದೇ ನೀರಿನ ಸದ್ದು ಕೇಳುವಷ್ಟು ಹತ್ತಿರವಿದ್ದ ಸತ್ತೇಗಾಲದ ಹೆಂಗಸರು ಒಳಕಲ್ಲು, ಬೀಸುಕಲ್ಲುಗಳ ಮುಂದೆ ಹರಳೆಣ್ಣೆಯ ದೀಪದಲ್ಲೇ ಕುಳಿತಿದ್ದರು.

ಅಧಿಕಾರ ಬಿಟ್ಟ ಮೇಲೆ ಮೂರು ದಶಕಗಳ ಕಾಲ ರಾಜಮಾತೆಯಾಗಿ ಬಾಳಿದ ಕೆಂಪನಂಜಮ್ಮಣ್ಣಿಯವರು 1934ರಲ್ಲಿ ತೀರಿಕೊಂಡರು. ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ಮರುವರ್ಷ ತೆರೆಯಿತು. ಅವರು ತೀರಿಕೊಳ್ಳುವ ಮುಂಚಿನ ವರ್ಷ, ಅಂದರೆ 1933ರಲ್ಲಿ, ಮಗನ ಸರ್ಕಾರವು ಹಿಂದೂ ಕಾನೂನಿನಡಿ ಮಹಿಳೆಯರ ಹಕ್ಕುಗಳ ಶಾಸನವನ್ನು ಮಾಡಿ, ಕುಟುಂಬದ ಆಸ್ತಿ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಗಳು ಇವರಿಗೂ ಪಾಲಿನ ಹಕ್ಕನ್ನು ಕೊಟ್ಟಿತು. ಭಾರತದಲ್ಲಿ ಆ ಹೊತ್ತಿಗೆ ಇಷ್ಟು ಮುಂದೆ ಹೋದ ಶಾಸನಗಳು ವಿರಳ. ಆ ಶಾಸನವನ್ನು ನೇರವಾಗಿ ರಾಜಮಾತೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೆ ಓದಿದ ಹೆಣ್ಣುಮಕ್ಕಳ ಎರಡು ತಲೆಮಾರು ಬೆಳೆದುನಿಂತ ಸಂಸ್ಥಾನದಲ್ಲಿ ಮಾತ್ರ ಅಂಥದು ಹುಟ್ಟಲು ಸಾಧ್ಯವಿತ್ತು, ಆ ತಲೆಮಾರುಗಳಿಗೆ ಶಾಲೆ ಕೊಟ್ಟವರಲ್ಲಿ ಅವರು ಮೊದಲ ಸಾಲಿನವರು.

ಹೊಳೆಯ ಈಚೆಗೆ ಲೆಕ್ಕ ಬೇರೆ ರೀತಿ ನಡೆಯಿತು, ಅದೂ ಎಲ್ಲ ವಿಷಯದಲ್ಲಿ ಮೈಸೂರಿಗಿಂತ ಹಿಂದಾಗಿ ಅಲ್ಲ. ಹುಡುಗಿಯ ಮದುವೆಗೆ ಹದಿನಾಲ್ಕು ವರ್ಷ ತುಂಬಬೇಕೆಂದ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯದಲ್ಲಿ 1930ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಮೈಸೂರಿನ ನಿಬಂಧನೆ ಇನ್ನೂ ಎಂಟರಲ್ಲೇ ನಿಂತಿತ್ತು. ಆ ದಿನದಿಂದ, ಕಾಗದದ ಮಟ್ಟಿಗಾದರೂ, ಸತ್ತೇಗಾಲದ ಹುಡುಗಿ ಮಳವಳ್ಳಿಯ ಹುಡುಗಿಗಿಂತ ಹೆಚ್ಚು ಸುರಕ್ಷಿತಳಾದಳು. ಆಸ್ತಿಯ ವಿಷಯದಲ್ಲಿ ತಕ್ಕಡಿ ಮತ್ತೆ ಆಚೆಗೆ ವಾಲಿತು. 1937ರ ಕೇಂದ್ರ ಕಾಯ್ದೆಯು ವಿಧವೆಗೆ ಗಂಡನ ಪಾಲಿನಲ್ಲಿ ಜೀವಿತಕಾಲದ ಹಕ್ಕನ್ನು ಮಾತ್ರ ನೀಡಿತು, ಮಗಳ ಪ್ರಸ್ತಾಪವನ್ನೇ ಮಾಡಲಿಲ್ಲ. ಅದು ಸಾಗುವಳಿ ಭೂಮಿಗೆ ಅನ್ವಯಿಸದೆಂದು ಫೆಡರಲ್ ನ್ಯಾಯಾಲಯ 1941ರಲ್ಲಿ ಹೇಳಿದ ಮೇಲೆ, ಗದ್ದೆ ಹೊಲಗಳೇ ಆಸ್ತಿಯಾಗಿದ್ದ ಸತ್ತೇಗಾಲದಂಥ ಊರಿನ ವಿಧವೆಗೆ ಅದರಿಂದ ದಕ್ಕಿದ್ದು ಅತ್ಯಲ್ಪ. ಮದ್ರಾಸ್ ಶಾಸನಸಭೆಯು 1947ರಲ್ಲಿ ಆ ಹಕ್ಕನ್ನು ಸಾಗುವಳಿ ಭೂಮಿಗೂ ವಿಸ್ತರಿಸಿತು.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯವನ್ನು ಸೇರಿತು. ಆದರೆ ಅದಕ್ಕೆ ನಾಲ್ಕೂವರೆ ತಿಂಗಳ ಮೊದಲೇ, ಜೂನ್ 17ರಂದು, ಕೇಂದ್ರದ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಯಾಗಿತ್ತು. ಹೀಗಾಗಿ ಉತ್ತರಾಧಿಕಾರದ ಮಟ್ಟಿಗೆ ಮೈಸೂರಿನ 1933ರ ಶಾಸನವು ಬಲದಂಡೆಯ ಹೆಣ್ಣುಮಕ್ಕಳ ಕೈಗೆ ಬರುವ ಮುನ್ನವೇ ಕೇಂದ್ರ ಕಾಯ್ದೆ ಅದರ ಜಾಗವನ್ನು ಹಿಡಿದಿತ್ತು. ಮದುವೆಯಾಗದ ಹೆಣ್ಣುಮಗಳಿಗೆ ಹುಟ್ಟಿನಿಂದಲೇ ಗಂಡುಮಗನ ಸಮಕ್ಕೆ ಕೂಡುಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಂದು ಜಾರಿಗೆ ಬಂದಾಗ, ಅದು ಮಳವಳ್ಳಿಗೂ ಸತ್ತೇಗಾಲಕ್ಕೂ ಒಂದೇ ದಿನ ಅನ್ವಯಿಸಿತು.